ಬಾನುಲಿ ನಾಟಕದಲ್ಲಿ ಭಯಾನಕ ರಸ

ನಾಟಕವನ್ನು ನಮ್ಮ ಲಾಕ್ಷಣಿಕರು ದೃಶ್ಯಕಾವ್ಯವೆಂದರು. ಬಾನುಲಿ ನಾಟಕದಲ್ಲಾದರೋ ಕಣ್ಣಿಗೆ ಕೆಲಸವಿಲ್ಲ. ರಂಗವೂ ವೇಷವೂ ಕೇಳುವವನ ಮನಸ್ಸಿನಲ್ಲಿಯೇ ಸಿದ್ಧವಾಗಬೇಕು. ಈ ಕೊರತೆಯೇ ಭಯಾನಕ ರಸಕ್ಕೆ ಬಲವಾಗಿ ಪರಿಣಮಿಸುತ್ತದೆ. ರಿಚರ್ಡ್ ಹ್ಯೂಸ್ 1924ರಲ್ಲಿ ಬಿ.ಬಿ.ಸಿ.ಗಾಗಿ ಬರೆದ ನಾಟಕವು ದೀಪವಾರಿದ ಕಲ್ಲಿದ್ದಲ ಗಣಿಯೊಳಗೆ ನಡೆಯುತ್ತದೆ. ಪಾತ್ರಗಳೂ ಶ್ರೋತೃಗಳೂ ಅಲ್ಲಿ ಒಂದೇ ಕತ್ತಲೆಯಲ್ಲಿರುತ್ತಾರೆ.

ವಿಕೃತ ಧ್ವನಿಯನ್ನು ಭರತಮುನಿಯು ಭಯಾನಕದ ವಿಭಾವಗಳಲ್ಲಿ ಎಣಿಸಿದ್ದಾನೆ. ಅದೊಂದನ್ನೇ ನೆಚ್ಚಿ ಗೂಬೆಯ ಕೂಗು, ಗುಡುಗು, ಅಟ್ಟಹಾಸಗಳನ್ನು ತುಂಬಿದರೆ ಶ್ರೋತೃವು ಬೆಚ್ಚಿಬೀಳಬಹುದು. ಆದರೆ ಬೆಚ್ಚುವುದು ಬೇರೆ, ಭಯಪಡುವುದು ಬೇರೆ. ಈ ಭೇದವನ್ನು ಚೆನ್ನಾಗಿ ಅರಿತ ಕೃತಿ ಲೂಸಿಲ್ ಫ್ಲೆಚರ್ ಅವರ ‘ಸಾರಿ, ರಾಂಗ್ ನಂಬರ್’. ಅಮೆರಿಕದ ‘ಸಸ್ಪೆನ್ಸ್’ ನಾಟಕಮಾಲೆಯಲ್ಲಿ ಅದು 1943ರ ಮೇ 25ರಂದು ಪ್ರಸಾರವಾಯಿತು.

ಕಾಯಿಲೆಯಿಂದ ಹಾಸಿಗೆ ಹಿಡಿದ ಗೃಹಿಣಿಯೊಬ್ಬಳು ಗಂಡನ ಕಚೇರಿಗೆ ಟೆಲಿಫೋನು ಮಾಡುತ್ತಾಳೆ. ತಂತಿಗಳು ಬೆರೆತು, ಆ ರಾತ್ರಿ ಒಬ್ಬ ಹೆಂಗಸನ್ನು ಕೊಲ್ಲುವ ಸಂಚು ಅವಳ ಕಿವಿಗೆ ಬೀಳುತ್ತದೆ. ಸೇತುವೆಯ ಮೇಲೆ ರೈಲು ಹಾಯುವ ಸದ್ದಿನಲ್ಲಿ ಚೀತ್ಕಾರ ಅಡಗುವುದೆಂದು ಕೊಲೆಗಾರರ ಲೆಕ್ಕ. ಅವಳು ಆಪರೇಟರಳನ್ನೂ ಪೊಲೀಸರನ್ನೂ ಅಂಗಲಾಚುತ್ತಾಳೆ, ಕಿವಿಗೊಡುವವರಿಲ್ಲ. ಆ ಹೆಂಗಸು ತಾನೇ ಎಂದು ತಿಳಿಯುವಷ್ಟರಲ್ಲಿ ವೇಳೆ ಮೀರಿರುತ್ತದೆ.

ಇಲ್ಲಿ ಪಿಶಾಚಿಯಿಲ್ಲ, ಸ್ಮಶಾನವಿಲ್ಲ. ಟೆಲಿಫೋನಿನ ಗಂಟೆ, ಆಪರೇಟರಳ ಸೌಜನ್ಯದ ಸ್ವರ, ರೈಲಿನ ಸದ್ದು, ಇಷ್ಟೇ ಸಾಮಗ್ರಿ. ಆದರೆ ನಾಟಕಕರ್ತ್ರಿಯ ನಿಜವಾದ ಜಾಣ್ಮೆ ಬೇರೆಡೆಯಲ್ಲಿದೆ. ಆಕೆ ಗೃಹಿಣಿಯನ್ನು ಸಾಧುವಾಗಿ ಚಿತ್ರಿಸದೆ ಸಿಡುಕಿಯಾಗಿ ಚಿತ್ರಿಸಿದ್ದಾರೆ. ನಟಿ ಆಗ್ನೆಸ್ ಮೂರ್‌ಹೆಡ್ ಅವರ ಗದರುವ, ಗೋಳಿಡುವ ಕಂಠವನ್ನು ಕೇಳುತ್ತ ನಮಗೂ ಬೇಸರ ಹುಟ್ಟುತ್ತದೆ. ಪೊಲೀಸರದೂ ಅದೇ ಬೇಸರವಲ್ಲವೆ! ಕೊನೆಯಲ್ಲಿ ನಾವು ಅಂಜುವುದು ಕೊಲೆಗಾರನಿಗಿಂತ ಹೆಚ್ಚಾಗಿ ನಮ್ಮದೇ ಅಲಕ್ಷ್ಯಕ್ಕೆ. ಕಚೇರಿಯ ಕಿಟಕಿಯಲ್ಲಿ ತಮ್ಮ ನುಡಿಗೆ ಕಿವಿಗೊಡುವವರನ್ನು ಕಾಣದ ಗಡಿನಾಡಿಗರಿಗೆ ಈ ಭಯವನ್ನು ವಿವರಿಸಬೇಕಾಗಿಲ್ಲ.

ಕನ್ನಡ ಜನಪದಕ್ಕೂ ಇಂಥ ಧ್ವನಿಯ ಭಯ ಹೊಸತಲ್ಲ. ರಾತ್ರಿ ಬಂಧುಗಳ ಕಂಠದಿಂದ ಕರೆಯುವ ಪಿಶಾಚಿಗೆ ಓಗೊಡಬಾರದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ಓದುಗರು ಬಲ್ಲರು. ಅಲ್ಲಿ ಓಗೊಟ್ಟರೆ ಕೇಡು. ಇಲ್ಲಿ ಓಗೊಡದೆ ಕೇಡು. ಮುಖ ಕಾಣದ ಧ್ವನಿಯನ್ನು ನಂಬಬೇಕೆ, ಬೇಡವೆ ಎಂಬ ಮನಸ್ಸಿನ ಹೊಯ್ದಾಟವೇ ಎರಡರ ಜೀವಾಳ. ಈ ಹೊಯ್ದಾಟವನ್ನು ಕೊನೆಯವರೆಗೆ ಉಳಿಸುವ ನಾಟಕವೇ ಉತ್ತಮವೆಂದು ನಮ್ಮ ಅಭಿಪ್ರಾಯ.

1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. 1955ರಲ್ಲಿ ಆರಂಭವಾದ ಬೆಂಗಳೂರು ಆಕಾಶವಾಣಿಯ ಕನ್ನಡಕ್ಕಾದರೋ ಗಡಿಯಲ್ಲಿ ಸುಂಕದ ಕಟ್ಟೆ ಇರಲಿಲ್ಲ. ಕಿವಿಯಿಂದ ಬಂದ ಆ ಕನ್ನಡವನ್ನು ಬಾಯಿಗೆ ತರಿಸುವ ಹೊಣೆ ರಾಯದುರ್ಗ, ಮಡಕಶಿರಗಳ ಶಾಲೆಗಳದು. ಬಾನುಲಿ ನಾಟಕಕ್ಕೆ ವೇಷದ ವೆಚ್ಚವಿಲ್ಲ. ತರಗತಿಯಲ್ಲಿ ಒಂದು ಕಂಬಳಿಯ ಮರೆ ಸಾಕು. ಮರೆಯ ಹಿಂದಿನ ಮಗುವು ಮೆಲ್ಲನೆ ಮಾತಾಡಲಿ, ತಕ್ಕಲ್ಲಿ ಮೌನವಾಗಲಿ. ಮುಂದೆ ಕುಳಿತ ಮಕ್ಕಳು ಆ ಮೌನಕ್ಕೂ ಕಿವಿಗೊಡುವುದನ್ನು ಕಲಿತರೆ ನಾಟಕವು ಸಾರ್ಥಕವಾಯಿತೆಂದೇ ಹೇಳಬೇಕು.