ಕಾಗಿಣೆಯ ತೀರದ ಶಾಸ್ತ್ರಗಳು

ಕಲಬುರಗಿ ಜಿಲ್ಲೆಯ ಪೂರ್ವ, ದಕ್ಷಿಣ ಭಾಗಗಳಲ್ಲಿ ಹತ್ತಿರ ಹತ್ತಿರವಾಗಿ ನೆಲಸಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯು ವಿಸ್ತಾರದಲ್ಲಿ ಚಿಕ್ಕದಾದರೂ, ಅದನ್ನು ಕುರಿತು ಕಳೆದ ನೂರೈವತ್ತು ವರ್ಷಗಳಲ್ಲಿ ನಡೆದಿರುವ ವಿದ್ವತ್ಪರಿಶ್ರಮವು ವಿಸ್ಮಯವಾಗುವಷ್ಟು ಬಹುಮುಖವಾದುದು. ಭೂವಿಜ್ಞಾನ, ಪ್ರಾಗಿತಿಹಾಸ, ಶಾಸನಶಾಸ್ತ್ರ, ಬೌದ್ಧಶಿಲ್ಪದ ವಿವೇಚನೆ, ಜೈನಧರ್ಮದ ಇತಿಹಾಸ, ಕನ್ನಡ ಅಲಂಕಾರಶಾಸ್ತ್ರ, ಗಣಿತದ ಚರಿತ್ರೆ, ಉಪಭಾಷೆಗಳ ಅಧ್ಯಯನ, ಸಸ್ಯರೋಗವಿಜ್ಞಾನ, ಇಷ್ಟೂ ವಿದ್ಯೆಗಳು ಭೀಮಾ ಕಾಗಿಣಾ ನದಿಗಳ ಈ ನೆಲದಿಂದ ತಮ್ಮ ತಮ್ಮ ಗ್ರಂಥಗಳಿಗೆ ಸಾಮಗ್ರಿಯನ್ನು ಪಡೆದುಕೊಂಡಿವೆ. ಇದು ಸಂತೋಷದ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ಬಂದ ವಿದ್ಯೆಗಳು ಒಂದನ್ನೊಂದು ಓದಿಕೊಂಡವೆ, ಓದಿಕೊಂಡಲ್ಲಿ ಏನು ಲಭಿಸಿತು, ಓದಿಕೊಳ್ಳದೆ ಹೋದಲ್ಲಿ ಏನು ನಷ್ಟವಾಯಿತು ಎಂದು ವಿಮರ್ಶಕನಾದವನು ಕೇಳಲೇಬೇಕಾಗುತ್ತದೆ. ನನ್ನ ಮತದಲ್ಲಿ, ಬಿಡಿಬಿಡಿಯಾಗಿ ನೋಡಿದಾಗ ಈ ಕೃಷಿಯ ಬಹುಭಾಗವು ಉತ್ತಮ ದರ್ಜೆಯದು. ಒಟ್ಟಿಗೆ ನೋಡಿದಾಗ, ಗೋಡೆಗೆ ಗೋಡೆ ತಾಗಿದ್ದರೂ ಒಬ್ಬರ ಹೆಸರನ್ನೊಬ್ಬರು ಅರಿಯದೆ ಬಾಳುತ್ತಿರುವ ನೆರೆಮನೆಗಳ ಸಾಲಿನಂತೆ ತೋರುತ್ತದೆ.

ಮೊದಲಿಗೆ ಈ ನಾಡಿನ ಶಿಲೆಯನ್ನೇ ತೆಗೆದುಕೊಳ್ಳಬಹುದು. ಹೊರಗಿನವರು ಶಹಾಬಾದ ಕಲ್ಲೆಂದೂ ಇಲ್ಲಿಯವರು ಫರಸಿಯೆಂದೂ ಕರೆಯುವ ಈ ಸುಣ್ಣಶಿಲೆಯು ಪ್ರಾಚೀನ ಸಮುದ್ರದ ತಳದಲ್ಲಿ ಪದರ ಪದರವಾಗಿ, ಬಹುತೇಕ ಸಮತಲವಾಗಿ ನಿಕ್ಷೇಪಗೊಂಡುದು. ಖಣಿಯಲ್ಲಿ ಕೆಲಸಗಾರನು ಪದರದ ಸಂದಿಗೆ ಉಳಿಯನ್ನಿಟ್ಟು, ಸುತ್ತಿಗೆಯ ಪೆಟ್ಟನ್ನು ಹದವರಿತು ಹಾಕುತ್ತ ಅಂಚಿನುದ್ದಕ್ಕೂ ಸಾಗಿದನೆಂದರೆ, ಕಲ್ಲು ತಾನಾಗಿಯೇ ಬಿಟ್ಟುಕೊಂಡು, ಅಂಗುಲ ಒಂದೂವರೆ ಅಂಗುಲ ದಪ್ಪದ ಹಾಸು ಮುಕ್ಕಾಗದೆ ಮೇಲಕ್ಕೇಳುತ್ತದೆ. ಈ ಸೀಮೆಯ ಹಳೆಯ ಮನೆಯ ನೆಲವೂ ಕಟ್ಟೆಯೂ ಅಡುಗೆಮನೆಯ ಗೂಡಿನ ಹಲಗೆಯೂ ಹೀಗೆ ಎದ್ದುಬಂದ ಕಲ್ಲಿನವೇ. 1870ರ ದಶಕದಲ್ಲಿ ವಿಲಿಯಂ ಕಿಂಗ್, ರಾಬರ್ಟ್ ಬ್ರೂಸ್ ಫೂಟ್ ಮೊದಲಾದವರು ಇದನ್ನು ಭೀಮಾ ಶ್ರೇಣಿಯೆಂಬ ಹೆಸರಿನಿಂದ ವಿವರಿಸಿದರು. ಮುಂದೆ ಹೈದರಾಬಾದು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಿ. ಮಹಾದೇವನ್ ಅವರು ಅದರ ವಿವರಣೆಯನ್ನು ವಿಸ್ತರಿಸಿದರು. ತಳದಲ್ಲಿ ಗ್ರಾನೈಟು, ಅದರ ಮೇಲೆ ಮರಳುಗಲ್ಲು, ಜೇಡಿಪದರ ಮತ್ತು ಸುಣ್ಣಶಿಲೆ, ಉತ್ತರಕ್ಕೆ ಚಿಂಚೋಳಿಯತ್ತ ಸಾಗಿದಂತೆ ಇವೆಲ್ಲವನ್ನೂ ಮುಚ್ಚಿಕೊಂಡು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನದ ಲಾವಾಶಿಲೆ, ಎಂಬ ಈ ಕ್ರಮವನ್ನು ಸ್ಥಾಪಿಸಿದ ಸಾಹಿತ್ಯವು ನಿಷ್ಕೃಷ್ಟವಾದುದು, ಇಂದಿಗೂ ಓದತಕ್ಕುದು. 1936ರಲ್ಲಿ ಎ.ಸಿ.ಸಿ. ಸಿಮೆಂಟು ಸಂಸ್ಥೆ ರೂಪುಗೊಂಡು ಶಹಾಬಾದದ ಕಾರ್ಖಾನೆ ಅದರೊಳಗೆ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಸೇಡಂ ಮಳಖೇಡಗಳ ಕಾರ್ಖಾನೆಗಳು ಬಂದವು. ಅಲ್ಲಿಂದ ಮುಂದಕ್ಕೆ ಈ ಶಿಲೆಯ ವಿಜ್ಞಾನದ ಪ್ರಶ್ನೆಗಳು ಹೆಚ್ಚಾಗಿ ಸಿಮೆಂಟಿನ ಪ್ರಶ್ನೆಗಳೇ ಆಗಿ, ಸುಣ್ಣದ ಅಂಶವೆಷ್ಟು, ನಿಕ್ಷೇಪದ ಆಳವೆಷ್ಟು ಎಂಬಲ್ಲಿಗೆ ಸಂಕೋಚಗೊಂಡುದನ್ನು ಆಕ್ಷೇಪಿಸಬೇಕಾಗಿಲ್ಲವಾದರೂ ಗಮನಿಸಬೇಕಾಗುತ್ತದೆ.

ಏಕೆಂದರೆ ಆರಂಭದಲ್ಲಿ ಹಾಗಿರಲಿಲ್ಲ. ಫೂಟ್ ಅವರು ಭೂವಿಜ್ಞಾನಿಯಾಗಿದ್ದುಕೊಂಡೇ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕೈಗೊಡಲಿಯನ್ನು ಗುರುತಿಸಿದವರು. ಕಲ್ಲಿನ ಪದರವನ್ನು ಓದುವ ಕಣ್ಣಿಗೇ ಮನುಷ್ಯನ ಕೈಗುರುತೂ ಕಂಡಿತು. ಆ ಪರಂಪರೆಯ ಯೋಗ್ಯ ಉತ್ತರಾಧಿಕಾರಿಯೆಂದು ನಾನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರನ್ನು ಗಣಿಸುತ್ತೇನೆ. ಭೀಮೆಯ ಆಚೆಗೆ ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ಅವರು ನಡೆಸಿದ ಶೋಧನೆಯಲ್ಲಿ, ಅದರಲ್ಲಿಯೂ ಇಸಾಂಪುರದ ಉತ್ಖನನದಲ್ಲಿ, ಭೀಮಾ ಶ್ರೇಣಿಯ ಗಡುಸಾದ ಸುಣ್ಣಶಿಲೆಯಿಂದಲೇ ಆಯುಧಗಳನ್ನು ಮಾಡಿದ ಒಂದು ಆದಿಮ ಕಾರ್ಯಸ್ಥಾನ ಬೆಳಕಿಗೆ ಬಂದಿತು. ಅಲ್ಲಿ ದೊರೆತ ಪ್ರಾಣಿದಂತಗಳ ಪರೀಕ್ಷೆಯಿಂದ ಅದರ ಕಾಲವು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಂದಾಜಾಗಿದೆ. ಶಿಲೆಯು ಯಾವ ಪದರದಲ್ಲಿ ಹೇಗೆ ಒಡೆಯುತ್ತದೆ, ಹಾಗೆ ಒಡೆದ ಹಲಗೆಯನ್ನು ಕೈಗೆತ್ತಿಕೊಂಡವನಿಗೆ ಯಾವ ಆಕಾರ ಸುಲಭವಾಗಿ ಒದಗುತ್ತದೆ ಎಂಬುದನ್ನು ಬಿಟ್ಟು ಆಯುಧದ ರೂಪವನ್ನು ವಿವರಿಸಲಾಗದೆಂದು ಆ ಅಧ್ಯಯನ ತೋರಿಸಿಕೊಟ್ಟಿತು. ಎರಡು ವಿದ್ಯೆಗಳು ಒಂದೇ ಮೇಜಿಗೆ ಬಂದಾಗ ಏನಾಗುತ್ತದೆಂಬುದಕ್ಕೆ ಈ ಪ್ರಾಂತದಲ್ಲಿ ಇದಕ್ಕಿಂತ ಉತ್ತಮವಾದ ದೃಷ್ಟಾಂತವನ್ನು ನಾನು ಕಂಡಿಲ್ಲ.

ಇದೇ ಮಾನದಂಡವನ್ನು ಹಿಡಿದು ಚಿತ್ತಾಪುರ ತಾಲೂಕಿನ ಸನ್ನತಿಗೆ ಬಂದರೆ ತೃಪ್ತಿ ಅತೃಪ್ತಿಗಳೆರಡೂ ಜೊತೆಯಾಗಿಯೇ ಉಂಟಾಗುತ್ತವೆ. 1950ರ ದಶಕದಲ್ಲಿ ಕಪಟರಾಳ ಕೃಷ್ಣರಾಯರು ವಿದ್ವಲ್ಲೋಕದ ಗಮನಕ್ಕೆ ತಂದ ಈ ಭೀಮಾತೀರದ ಕ್ಷೇತ್ರದಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿದುಬಿದ್ದಾಗ, ದೇವಿಯ ಪೀಠವಾಗಿದ್ದ ಶಿಲಾಫಲಕವೇ ಅಶೋಕನ ಶಾಸನವೆಂಬುದು ಪ್ರಕಟವಾಯಿತು. ಫಲಕದ ಒಂದು ಮುಖದಲ್ಲಿ 12 ಮತ್ತು 14ನೆಯ ಶಿಲಾಶಾಸನಗಳೂ ಇನ್ನೊಂದು ಮುಖದಲ್ಲಿ ಎರಡು ಪ್ರತ್ಯೇಕ ಶಾಸನಗಳೂ ಇದ್ದವು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದವು. ಕಳಿಂಗಕ್ಕೆಂದೇ ಬರೆಯಿಸಿದ್ದೆಂದು ಪಂಡಿತರು ನಂಬಿದ್ದ ಮಾತು ಭೀಮೆಯ ದಡದಲ್ಲಿ ಏಕೆ ಕೆತ್ತಲ್ಪಟ್ಟಿತು ಎಂಬ ಪ್ರಶ್ನೆಯೊಂದೇ ಮೌರ್ಯರ ಆಡಳಿತದ ಇತಿಹಾಸವನ್ನು ಪುನಃ ಯೋಚಿಸುವಂತೆ ಮಾಡಲು ಸಾಕು. ತರುವಾಯ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ನಡೆಸಿದ ಉತ್ಖನನದಿಂದ ಅಧೋಲೋಕ ಮಹಾಚೈತ್ಯವೆಂದು ಶಾಸನಗಳೇ ಹೆಸರಿಸುವ ಮಹಾಸ್ತೂಪವೊಂದು ಹೊರಬಂದಿತು. ಜಾತಕಕಥೆಗಳು, ಬುದ್ಧನ ಜೀವನದ ಪ್ರಸಂಗಗಳು, ಶಾತವಾಹನ ಅರಸರ ಮೂರ್ತಿಗಳು, ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರನ್ನು ಹೊತ್ತ ರಾಜನ ಮೂರ್ತಿ, ಇವನ್ನೆಲ್ಲ ಈ ನಾಡಿನ ಸುಣ್ಣಶಿಲೆಯ ಎತ್ತರವಾದ ಹಲಗೆಗಳಲ್ಲಿ ಬಿಡಿಸಲಾಗಿದೆ.

ಈ ಉತ್ಖನನದ ಫಲವು ವಾಚಕರಿಗೆ ದೊರೆತ ರೀತಿಯನ್ನು ಪರಿಶೀಲಿಸಬೇಕು. ಕೆ.ಪಿ. ಪೂಣಚ್ಚನವರ ವರದಿ ಇಲಾಖೆಯ 106ನೆಯ ಸ್ಮರಣಗ್ರಂಥವಾಗಿ 2011ರ ವರ್ಷವನ್ನು ಹೊತ್ತು ಹೊರಬಂದಿತು. ಶಾಸನಗಳ ಪರಿಷ್ಕೃತ ಪಾಠವನ್ನು ಜರ್ಮನ್ ವಿದ್ವಾಂಸ ಓಸ್ಕರ್ ಫಾನ್ ಹಿನ್ಯೂಬರ್ ಅವರು ಜಪಾನಿನ ಮೈಕೋ ನಕಾನಿಶಿಯವರೊಡನೆ 2014ರಲ್ಲಿ ಪ್ರಕಟಿಸಿದರು. ಎರಡೂ ಶ್ಲಾಘ್ಯವಾದ ಕಾರ್ಯಗಳೇ. ಮೊದಲನೆಯದರಲ್ಲಿ ನೆಲದಿಂದೆದ್ದ ಪ್ರತಿಯೊಂದು ಫಲಕದ ಲೆಕ್ಕವಿದೆ. ಎರಡನೆಯದರಲ್ಲಿ ಪ್ರತಿಯೊಂದು ಅಕ್ಷರದ ಲೆಕ್ಕವಿದೆ. ಆದರೂ ಉತ್ಖನನಕ್ಕೂ ವರದಿಗೂ ನಡುವೆ ದಶಕಕ್ಕೆ ಮಿಕ್ಕ ಕಾಲ ಕಳೆದುಹೋದುದು ಸಾಮಾನ್ಯ ಲೋಪವಲ್ಲ. ಆ ಅವಧಿಯಲ್ಲಿ ಈ ಸ್ತೂಪವನ್ನು ಕುರಿತು ಬರೆಯಬೇಕೆಂದಿದ್ದ ಜಿಲ್ಲೆಯ ಅಧ್ಯಾಪಕನಿಗೆ ಪತ್ರಿಕಾವಾರ್ತೆಗಳ ಹೊರತು ಹೆಚ್ಚಿನ ಆಧಾರವಿರಲಿಲ್ಲ. ಭಾಷೆಯ ಪ್ರಶ್ನೆ ಇದಕ್ಕಿಂತ ಗುರುತರವಾದುದು. ಸನ್ನತಿಗೆ ಯಾತ್ರೆ ಬರುವ ಸಾವಿರಾರು ಭಕ್ತರು ಓದುವ ಭಾಷೆಯಲ್ಲಿ ಆ ದಾನಿಗಳ ಹೆಸರುಗಳು, ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ವರ್ತಕರು, ತಮ್ಮ ಊರು ಮನೆತನಗಳ ಸಹಿತವಾಗಿ ತಿಳಿದುಬರುವಂತಹ ಒಂದು ಸಮಗ್ರ ಗ್ರಂಥ ಇರಲೇಬೇಕಾಗಿತ್ತು. ಬೌದ್ಧಶಿಲ್ಪದ ಪಂಡಿತನು ಸಾಂಚಿ, ಅಮರಾವತಿಗಳೊಡನೆ ಹೋಲಿಕೆಯನ್ನು ಹುಡುಕಿಕೊಂಡು ದೂರ ಹೋಗುತ್ತಾನೆ; ಹೋಗತಕ್ಕುದೇ; ಆದರೆ ಹತ್ತಿರದ ವಾಡಿಯ ಖಣಿಯಲ್ಲಿ ಅದೇ ಕಲ್ಲನ್ನು ಇಂದಿಗೂ ಎಬ್ಬಿಸುತ್ತಿರುವವನ ಬಳಿ ಅವನಿಗೆ ಕೇಳಬೇಕಾದ ಮಾತು ಇದ್ದೇ ಇದೆ.

ಸೇಡಂ ತಾಲೂಕಿನ ಮಳಖೇಡಕ್ಕೆ ಬಂದಾಗ ಈ ಅಗಲಿಕೆ ಇನ್ನೂ ಸ್ಪಷ್ಟವಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಈ ಊರಿನ ಅರಸು ಅಮೋಘವರ್ಷ ನೃಪತುಂಗನ ಹೆಸರು ಎರಡು ಶಾಸ್ತ್ರಗ್ರಂಥಗಳೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ: ಒಂದು ಕವಿರಾಜಮಾರ್ಗ, ಇನ್ನೊಂದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಮೊದಲನೆಯದನ್ನು ಕೆ.ಬಿ. ಪಾಠಕರು 1898ರಲ್ಲಿ ಪ್ರಕಟಿಸಿದಂದಿನಿಂದ ಅದರ ಕರ್ತೃತ್ವ, ಆಧಾರ, ಪಾಠ, ತಾತ್ಪರ್ಯಗಳನ್ನು ಕುರಿತು ಕನ್ನಡದಲ್ಲಿ ಒಂದು ಗ್ರಂಥಭಂಡಾರವೇ ಬೆಳೆದಿದೆ. ಮುಳಿಯ ತಿಮ್ಮಪ್ಪಯ್ಯನವರ ‘ಕವಿರಾಜಮಾರ್ಗ ವಿವೇಕ’ದ ಸೂಕ್ಷ್ಮತೆ, ಎಂ.ಎಂ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ದ ವ್ಯಾಪ್ತಿ, ಕೆ.ವಿ. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಯ ಧೈರ್ಯವಾದ ಕಲ್ಪನೆ, ಇವು ಮೂರು ಬಗೆಯ ವಿದ್ವತ್ತಿನ ಮೂರು ಶಿಖರಗಳು. ಎರಡನೆಯ ಗ್ರಂಥವಾದರೋ, ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದಸಹಿತವಾಗಿ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಬಳಿಕ, ಗಣಿತದ ಇತಿಹಾಸಕಾರರ ಸೊತ್ತಾಗಿ ಉಳಿಯಿತು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ, ಹಲವು ವಸ್ತುಗಳಲ್ಲಿ ಕೆಲವನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯಸೂತ್ರವನ್ನು ಕೊಟ್ಟ ಆ ಮಹನೀಯನನ್ನು ನಮ್ಮ ಸಾಹಿತ್ಯಚರಿತ್ರೆಗಳು ಒಂದು ವಾಕ್ಯದಲ್ಲಿ ನಮಸ್ಕರಿಸಿ ಮುಂದೆ ಸಾಗುತ್ತವೆ.

ಇದು ಎಷ್ಟು ದೊಡ್ಡ ನಷ್ಟವೆಂಬುದನ್ನು ಆ ಗ್ರಂಥದ ಆರಂಭವನ್ನು ಓದಿದವರು ಬಲ್ಲರು. ನೃಪತುಂಗನನ್ನು ಸ್ತುತಿಸಿದ ಮೇಲೆ ಮಹಾವೀರನು ಗಣಿತದ ಪ್ರಯೋಜನವನ್ನು ಹೇಳುತ್ತ, ಅರ್ಥಶಾಸ್ತ್ರ, ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತುವಿದ್ಯೆಗಳನ್ನೂ, ಛಂದಸ್ಸು ಅಲಂಕಾರ ಕಾವ್ಯ ವ್ಯಾಕರಣಗಳನ್ನೂ ಹೆಸರಿಸಿ, ಇವೆಲ್ಲವುಗಳಲ್ಲಿಯೂ ಗಣನೆಯೇ ಉಪಯುಕ್ತವೆಂದು ಪ್ರತಿಪಾದಿಸುತ್ತಾನೆ. ಅದೇ ಅರಸನ ಆಶ್ರಯದಲ್ಲಿ, ಅದೇ ಕಾಲದಲ್ಲಿ, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸಿ, ಪ್ರದೇಶಕ್ಕೊಂದು ಬಗೆಯಾಗಿ ಹರಡಿದ ಕನ್ನಡದ ಭೇದಗಳು ಎಣಿಕೆಗೆ ಸಿಕ್ಕವೆಂದು ಕವಿರಾಜಮಾರ್ಗಕಾರನು ಒಪ್ಪಿಕೊಳ್ಳುತ್ತಾನೆ. ಎಲ್ಲವೂ ಗಣನೆಗೆ ಒಳಪಡುವುದೆಂಬ ಗಣಿತಜ್ಞನೂ ನುಡಿಯ ವೈವಿಧ್ಯವು ಗಣನೆಯನ್ನು ಮೀರುವುದೆಂಬ ಲಾಕ್ಷಣಿಕನೂ ಒಂದೇ ಆಸ್ಥಾನದ ಪರಿಸರದವರಾಗಿದ್ದರೆಂಬ ಸಂಗತಿಯಲ್ಲಿ ಒಬ್ಬ ಸಮರ್ಥ ವಿಮರ್ಶಕನ ಇಡೀ ಜೀವನದ ಕೆಲಸ ಅಡಗಿದೆ. ಆ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಸಂಪ್ರದಾಯ ನಮ್ಮ ಕನ್ನಡ ವಿಭಾಗಗಳಲ್ಲಿಯೂ ಬೆಳೆಯಲಿಲ್ಲ, ಗಣಿತ ವಿಭಾಗಗಳಲ್ಲಿಯೂ ಬೆಳೆಯಲಿಲ್ಲ. ಹಳಬರಲ್ಲಿ ಎ.ಎಸ್. ಆಳ್ತೇಕರರು 1934ರ ತಮ್ಮ ರಾಷ್ಟ್ರಕೂಟ ಗ್ರಂಥದಲ್ಲಿ ರಾಜಕೀಯದೊಡನೆ ತೆರಿಗೆ, ವಿದ್ಯಾಭ್ಯಾಸ, ಧರ್ಮ, ಸಾಹಿತ್ಯಗಳನ್ನೂ ಕೂಡಿಸಿಕೊಂಡರು, ಪಿ.ಬಿ. ದೇಸಾಯಿಯವರು 1957ರ ತಮ್ಮ ಜೈನಶಾಸನಗಳ ಗ್ರಂಥದಲ್ಲಿ ಸೇಡಂ, ಮಳಖೇಡ ಮೊದಲಾದ ಊರುಗಳ ಪಾಳುಬಸದಿ, ಮುಕ್ಕಾದ ಮೂರ್ತಿ, ಗೋಡೆಗೆ ಸೇರಿಹೋದ ಶಾಸನಶಿಲೆಗಳನ್ನು ಒಟ್ಟಿಗೆ ಪರಿಶೀಲಿಸಿದರು. ವಿಶೇಷಜ್ಞತೆ ಹೆಚ್ಚಿದ ಇಂದಿನ ದಿನಗಳಲ್ಲಿ ಅಂತಹ ವಿಶಾಲ ಮನಸ್ಸು ಕಡಮೆಯಾಗಿರುವುದು ನನ್ನನ್ನು ನಿಜವಾಗಿಯೂ ವ್ಯಥೆಗೊಳಿಸುತ್ತದೆ.

ಕನ್ನಡದ ಭೇದಗಳ ಮಾತು ಬಂದುದರಿಂದ, ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿದ ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡದ ವಿವರಣಾತ್ಮಕ ಅಧ್ಯಯನವನ್ನು ಇಲ್ಲಿಯೇ ನೆನೆಯಬೇಕು. ಪದ್ದಯ್ಯನವರ ಸಂಸ್ಥೆಯೇ ಈ ಜಿಲ್ಲೆಯ ನುಡಿಯನ್ನೂ ಪರೀಕ್ಷಿಸಿತು. ಧ್ವನಿ ಮತ್ತು ಶಬ್ದಸಂಗ್ರಹದ ವಿವರಣೆಯಾಗಿ ಅದು ಅಚ್ಚುಕಟ್ಟಾದುದು; ಆದರೆ ಖಣಿ, ರೈಲು, ಕಾರ್ಖಾನೆಗಳ ದೆಸೆಯಿಂದ ಕನ್ನಡ, ಉರ್ದು, ತೆಲುಗು, ಲಂಬಾಣಿಗಳು ದಿನವೂ ಬೆರೆಯುವ ವಾಡಿ ಶಹಾಬಾದಗಳ ಮಾತಿಗೆ ಬೇರೊಂದು ಗ್ರಂಥವೇ ಬೇಕಾಗುತ್ತದೆ.

ಚಿತ್ತಾಪುರದ ಮಗ್ಗುಲಿನ ನಾಗಾವಿಯನ್ನು ಸ್ಮರಿಸದೆ ಮುಂದುವರಿಯಲಾರೆ. ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ 1058ರ ಶಾಸನದಲ್ಲಿ ಅಲ್ಲಿಯ ಘಟಿಕಾಸ್ಥಾನದ ವ್ಯವಸ್ಥೆಯ ವಿವರಗಳಿವೆ: ಇನ್ನೂರಕ್ಕೆ ಮಿಕ್ಕ ವಿದ್ಯಾರ್ಥಿಗಳು, ಭಟ್ಟದರ್ಶನ, ಪ್ರಾಭಾಕರ, ನ್ಯಾಸಗಳಿಗೆ ಬೇರೆ ಬೇರೆ ಉಪಾಧ್ಯಾಯರು, ಮತ್ತು ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಹೈದರಾಬಾದು ಪುರಾತತ್ತ್ವ ಮಾಲೆಯಲ್ಲಿ 1928ರಷ್ಟು ಹಿಂದೆಯೇ ಪ್ರಕಟವಾದ ಈ ಶಾಸನವನ್ನು ನಮ್ಮವರು ಪ್ರಾಚೀನ ವೈಭವದ ಪುರಾವೆಯಾಗಿ ಉದಾಹರಿಸುವುದೇ ಹೆಚ್ಚು. ಮೀಮಾಂಸೆಯ ಎರಡು ಪ್ರತಿಸ್ಪರ್ಧಿ ಮತಗಳಿಗೂ ವ್ಯಾಕರಣಕ್ಕೂ ಒಂದೇ ಭಂಡಾರದಿಂದ ಓಲೆಗರಿಗಳನ್ನು ಒದಗಿಸುತ್ತಿದ್ದ ಆ ಆರು ಜನರ ಕೆಲಸ ಏನಾಗಿದ್ದಿರಬೇಕು, ಪಾಠಕ್ಕೆ ಅದು ಹೇಗೆ ನೆರವಾಗುತ್ತಿತ್ತು ಎಂಬುದನ್ನು ವಿದ್ಯಾಭ್ಯಾಸದ ಇತಿಹಾಸಕಾರರು ಇನ್ನೂ ಆಳವಾಗಿ ವಿವೇಚಿಸಬೇಕಾಗಿದೆ.

ವಿಜ್ಞಾನದ ಕಡೆಯಿಂದ ಮನಸ್ಸಿಗೆ ಸಮಾಧಾನವನ್ನು ಕೊಡುವ ಒಂದು ಅಧ್ಯಾಯವಿದೆ, ಅದು ತೊಗರಿಯದು. ಈ ಎರೆಭೂಮಿಯ ಒಕ್ಕಲಿಗನು ಬಹುಕಾಲದಿಂದ ಅಂಜುತ್ತಿದ್ದ ನೆಟೆರೋಗಕ್ಕೆ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಕಾರಣ. ಅದು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿದು, ಬೇರಿನಿಂದೇರಿ, ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂವು ಕಾಯಿಗಳ ಕಾಲದಲ್ಲಿ ಬಾಡಿ ನಿಂತ ಗಿಡದ ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. 1972ರಲ್ಲಿ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ರೋಗಗ್ರಸ್ತವಾದ ಮಣ್ಣಿನಲ್ಲಿಯೇ ಬಿತ್ತಿ ಬದುಕುಳಿದ ಗಿಡಗಳನ್ನು ಆರಿಸುವ ಕ್ರಮವನ್ನು ಅನುಸರಿಸಿದರು. ಕರ್ನಾಟಕಕ್ಕಾಗಿ 1986ರಲ್ಲಿ ಬಿಡುಗಡೆಯಾದ ಮಾರುತಿ ತಳಿ, ಮುಂದೆ ಕಲಬುರಗಿಯ ಕೇಂದ್ರದಿಂದ ಬಂದ ಟಿ.ಎಸ್.-3ಆರ್ ತಳಿ ಈ ಪರಿಶ್ರಮದ ಫಲಗಳು. ಜೋಳದೊಡನೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುವ ಹಳೆಯ ಪದ್ಧತಿಯಲ್ಲಿ ನೆಟೆ ಕಡಮೆಯೆಂಬುದನ್ನೂ ಪ್ರಯೋಗಗಳು ತೋರಿಸಿದುವು. ಪ್ರಯೋಗಶಾಲೆಯವನು ಹೊಲದವನ ಅನುಭವವನ್ನು ಪರೀಕ್ಷೆಗೊಡ್ಡಿದನು, ಹೊಲದವನು ಪ್ರಯೋಗಶಾಲೆಯ ಬೀಜವನ್ನು ಪರೀಕ್ಷೆಗೊಡ್ಡಿದನು. ಎರಡು ಕಡೆಯ ಜ್ಞಾನವೂ ಅದರಿಂದ ಬೆಳೆಯಿತು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡನ್ನು ಅಧ್ಯಯನ ಮಾಡುವವರು, ಆ ಕಾಡಿನ ಅಂಚಿನ ತಾಂಡಾಗಳ ಲಂಬಾಣಿಗರಿಗೆ ಗಿಡಮೂಲಿಕೆಗಳ ವಿಷಯದಲ್ಲಿ ಏನು ತಿಳಿದಿದೆಯೆಂಬುದನ್ನು ಇದೇ ರೀತಿಯಲ್ಲಿ ಕೇಳಿಕೊಂಡರೆ ಬಹಳ ಲಾಭವುಂಟು.

ಇತಿಹಾಸ ಕಲೆಗಳ ಸಂಶೋಧಕರು ತೊಗರಿಯ ವಿಜ್ಞಾನಿಗಳಿಂದ ಸ್ವೀಕರಿಸಬೇಕಾದುದು ಈ ನಡೆಯನ್ನೇ. ಒಂದು ನಿರ್ದಿಷ್ಟ ಕಾರ್ಯವನ್ನು ಸೂಚಿಸುತ್ತೇನೆ. ಕನಗನಹಳ್ಳಿಯ ಹಲಗೆಗಳನ್ನು ಯಾವ ಖಣಿಯಿಂದ, ಯಾವ ಪದರದಿಂದ ಎಬ್ಬಿಸಿದರು? ಭೀಮೆಯ ದಡಕ್ಕೆ ಅವನ್ನು ಹೇಗೆ ಸಾಗಿಸಿದರು? ಆಳು ಮೀರಿದ ಎತ್ತರದ ತೆಳುಹಲಗೆಯಲ್ಲಿ ಶಿಲ್ಪಿಯು ಉಬ್ಬನ್ನು ಕೆಲವೇ ಅಂಗುಲಗಳಿಗೆ ತಡೆದುದು ಶೈಲಿಯ ಆಯ್ಕೆಯೋ ಪದರದ ನಿರ್ಬಂಧವೋ? ಇಂದು ಆ ಫಲಕಗಳು ಹೊಪ್ಪಳಿಕೆ ಏಳುತ್ತಿರುವುದಕ್ಕೆ ಯಾವ ಜೇಡಿಯ ಎಳೆ ಕಾರಣ? ಇದಕ್ಕೆ ಭೂವಿಜ್ಞಾನಿಯ ಸೂಕ್ಷ್ಮದರ್ಶಕವೂ ಶಾಸನಜ್ಞನ ಪಾಠವೂ ಶಿಲ್ಪಚರಿತ್ರಕಾರನ ಕಣ್ಣೂ ಬೇಕು; ಪದರದ ಸಂದಿಯನ್ನು ಸುತ್ತಿಗೆಯ ಸದ್ದಿನಿಂದಲೇ ಅರಿಯುವ ಶಹಾಬಾದದ ಫರಸಿ ಕೆಲಸಗಾರನೂ ಬೇಕು. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೇ ಜಿಲ್ಲೆಯಲ್ಲಿವೆ. ಭೂವಿಜ್ಞಾನಿ, ಶಾಸನಜ್ಞ, ಶಿಲ್ಪಚರಿತ್ರಕಾರ, ಫರಸಿ ಕೆಲಸಗಾರ, ಈ ನಾಲ್ವರನ್ನು ಕನಗನಹಳ್ಳಿಯ ದಿಬ್ಬದ ಮೇಲೆ ಒಂದು ಋತುವಿನ ಕಾಲ ಒಟ್ಟಿಗೆ ನಿಲ್ಲಿಸಿ, ಅವರು ಕಂಡುದನ್ನು ಕನ್ನಡದಲ್ಲಿ ಬರೆಯಿಸಿ, ಚಿತ್ತಾಪುರ ಸೇಡಂಗಳ ಗ್ರಂಥಾಲಯಗಳಿಗೆ ಮೊದಲ ಪ್ರತಿಗಳನ್ನು ಕಳುಹಿಸುವುದು ಆ ಸಂಸ್ಥೆಗಳ ಶಕ್ತಿಗೆ ಮೀರಿದುದಲ್ಲ.