ಕುಮಾರಸಂಭವದಲ್ಲಿ ಗೌರಿಯ ಬಾಲ್ಯ

ಹೆಣ್ಣುಮಕ್ಕಳ ಬಾಲ್ಯದ ಚರಿತ್ರೆಯು ಈಗ ಕಾಲೇಜುಗಳ ವಿಚಾರಗೋಷ್ಠಿಗಳಿಗೂ ವಿಷಯವಾಗಿರುವುದು. ಇಂತಹ ಚರ್ಚೆಗೆ ಕುಳಿತವರು ಪರಾಶರಸ್ಮೃತಿಯನ್ನು ತೆರೆಯದಿರಲಾರರು. ೮ ವರ್ಷದವಳು ಗೌರಿ, ೯ ವರ್ಷದವಳು ರೋಹಿಣಿ, ೧೦ ವರ್ಷದವಳು ಕನ್ಯೆ, ಅಲ್ಲಿಂದ ಮೇಲೆ ರಜಸ್ವಲೆ. ಇದು ಆ ಗ್ರಂಥದ ಗಣನೆ. ಬಾಲಿಕೆಯ ವಯಸ್ಸನ್ನು ಅಳೆದುದು ಕನ್ಯಾದಾನದ ಕೋಲಿನಿಂದ. ಅವಳ ಆಟಪಾಠಗಳಿಗೆ ಅಲ್ಲಿ ಹೆಸರಿಲ್ಲ. ಈ ಗಣನೆಯ ಬಲವೂ ಸಾಮಾನ್ಯವಾದುದಲ್ಲ. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಬಾಲ್ಯವಿವಾಹವನ್ನು ತಡೆಯಲು ಕಾನೂನು ಮಾಡಿದಾಗಲೂ ವಧುವಿನ ಕನಿಷ್ಠ ವಯಸ್ಸನ್ನು ೮ಕ್ಕೇ ನಿಲ್ಲಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಅದು ೧೪ಕ್ಕೆ ಏರಲು ೧೯೨೯ರ ಶಾರದಾ ಕಾಯಿದೆಯೇ ಬರಬೇಕಾಯಿತು.

ಆದರೆ ಗೌರಿಯೆಂಬ ಹೆಸರು ಮೊದಲು ಯಾರದು? ಆಕೆಯ ಬಾಲ್ಯವನ್ನು ಕಾಳಿದಾಸನು ಹೇಗೆ ಕಂಡನೆಂಬುದನ್ನು ವಿಮರ್ಶಕರು ನೋಡಬೇಡವೆ? ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಪಾರ್ವತಿಯು ಮಂದಾಕಿನಿಯ ಮರಳಿನಲ್ಲಿ ಜಗಲಿಗಳನ್ನು ಕಟ್ಟಿ, ಚೆಂಡುಗಳಿಂದಲೂ ಬೊಂಬೆಗಳಿಂದಲೂ ಸಖಿಯರ ನಡುವೆ ಆಡುತ್ತಾಳೆ. ಇದು ಒಂದು ಶ್ಲೋಕ. ಶರತ್ಕಾಲದ ಹಂಸಗಳು ಗಂಗೆಗೆ ಬರುವಂತೆ ವಿದ್ಯೆಗಳು ತಾವಾಗಿಯೇ ಆಕೆಯನ್ನು ಸೇರಿದವೆಂಬುದು ಮತ್ತೊಂದು. ಮೂರನೆಯದರಲ್ಲಿಯೇ ಯೌವನವು ಬಂದುಬಿಡುವುದು. ಅನಂತರ ಪಾದದಿಂದ ಕೇಶದವರೆಗೆ ಅಂಗಾಂಗವರ್ಣನೆ. ರಘುವಂಶದ ಮೂರನೆಯ ಸರ್ಗವನ್ನು ಇದರ ಪಕ್ಕದಲ್ಲಿಟ್ಟರೆ ಪಕ್ಷಪಾತವು ಕಣ್ಣಿಗೆ ಕಟ್ಟುವುದು. ದಾದಿಯ ಮಾತನ್ನು ಅನುಸರಿಸುವ ತೊದಲುನುಡಿ, ಅವಳ ಬೆರಳು ಹಿಡಿದ ನಡಿಗೆ, ತಂದೆಯ ತೊಡೆ, ಚೌಲ, ಅಕ್ಷರಾಭ್ಯಾಸ, ಉಪನಯನ, ಧನುರ್ವಿದ್ಯೆ ಎಲ್ಲಕ್ಕೂ ಅಲ್ಲಿ ಸ್ಥಳವುಂಟು. ಗಂಡುಮಗುವು ಕಲಿಯುವುದು ವಾಚಕರಿಗೆ ಕಾಣುವುದು. ಹೆಣ್ಣುಮಗುವಿಗೆ ವಿದ್ಯೆಯು ಪೂರ್ವಜನ್ಮದ್ದೆಂದು ಹೇಳಿ ಮುಗಿಸಲಾಗಿದೆ, ಗುರುವಿಲ್ಲ, ಪಾಠವಿಲ್ಲ.

ಇಷ್ಟರಿಂದಲೇ ಕವಿಯನ್ನು ಸ್ಮೃತಿಕಾರನ ಪಂಕ್ತಿಯಲ್ಲಿ ಕೂರಿಸುವುದು ಅವಸರದ ಮಾತು. ಐದನೆಯ ಸರ್ಗವನ್ನು ಓದಬೇಕು. ಮನ್ಮಥನು ದಗ್ಧನಾದ ಬಳಿಕ ಪಾರ್ವತಿಯು ಸಖಿಯ ಮುಖಾಂತರ ತಂದೆಯ ಅನುಮತಿಯನ್ನು ಬೇಡಿ ತಪಸ್ಸಿಗೆ ಹೊರಡುವಳು. ಅಲ್ಲಿ ಹಳೆಯ ಚೆಂಡು ಎರಡು ಬಾರಿ ಕಾಣಿಸಿಕೊಳ್ಳುವುದು. ಚೆಂಡನ್ನು ಬಿಟ್ಟ ಕೈ ದರ್ಭೆಯ ಮೊಳಕೆಗಳಿಂದ ಗಾಯಗೊಂಡು ಜಪಮಾಲೆಯನ್ನು ಹಿಡಿಯಿತು. ಚೆಂಡಾಟಕ್ಕೇ ದಣಿಯುತ್ತಿದ್ದವಳು ಮುನಿಗಳ ವ್ರತವನ್ನು ಕೈಕೊಂಡಳು. ತಪಸ್ಸಿನ ಕಾಠಿಣ್ಯವನ್ನು ಅಳೆಯಲು ಕವಿಗೆ ಬೇರೆ ಮಾನದಂಡವು ದೊರೆಯದೆ ಇತ್ತೆ? ಉಪಮೆಗಳ ಬಡತನವು ಕಾಳಿದಾಸನಿಗಿಲ್ಲ. ಮರಳಿನ ದಂಡೆಯ ಆ ಒಂದು ಶ್ಲೋಕವನ್ನು ಅವನು ಮರೆತಿರಲಿಲ್ಲವೆಂದೇ ಹೇಳಬೇಕು. ಬೊಂಬೆಗಳೂ ವ್ಯರ್ಥವಾಗಲಿಲ್ಲ, ಆಶ್ರಮದ ಸಸಿಗಳನ್ನು ಆಕೆ ಮಕ್ಕಳಂತೆ ನೀರೆರೆದು ಬೆಳೆಸುವಳು. ವಟುವೇಷದ ಶಿವನು ವರನನ್ನು ಹಳಿದಾಗ ಉತ್ತರ ಕೊಡುವವಳೂ ಆಕೆಯೇ. ೮ ವರ್ಷದ ವಧುವಿಗೆ ಸಲ್ಲಿಸಿದ ಹೆಸರು ಈಕೆಯದು; ಆದರೆ ಈಕೆಯನ್ನು ಧಾರೆಯೆರೆದು ಕೊಡುವ ಮೊದಲೇ ಈಕೆ ವರನನ್ನು ಆರಿಸಿಯಾಗಿತ್ತು.

ಐದನೆಯ ಸರ್ಗವನ್ನು ಪಾಠ ಹೇಳುವವರು ಈ ಎರಡು ಶ್ಲೋಕಗಳನ್ನು ಅಲಂಕಾರದ ಹೆಸರು ಬರೆಯಿಸಿ ದಾಟಿಬಿಡುವುದುಂಟು. ಅಲ್ಲಿ ಒಂದು ನಿಮಿಷ ನಿಂತು ಮೊದಲನೆಯ ಸರ್ಗದ ಹಾಳೆಯನ್ನು ತಿರುವಿ ತೋರಿಸಿದರೆ, ತರಗತಿಯ ಹುಡುಗಿಯರಿಗೆ ವ್ಯಾಖ್ಯಾನದ ಅವಶ್ಯಕತೆ ಬೀಳದು.