ಕಣಜ ಗೂಬೆಯ ಕಿವಿ

ಹೃದಯದಾಕಾರದ ಬಿಳಿ ಮುಖದಿಂದಲೇ ಗುರುತಾಗುವ ಕಣಜ ಗೂಬೆಯಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಎಲ್ಲರ ಗಮನ ಸೆಳೆಯುವ ಕಣ್ಣನ್ನಲ್ಲ, ಗರಿಗಳ ಮರೆಯಲ್ಲಿ ಅಡಗಿರುವ ಕಿವಿಯನ್ನು. ಒತ್ತೊತ್ತಾಗಿ ಹೆಣೆದ ಗಟ್ಟಿ ಗರಿಗಳ ಅಂಚುಳ್ಳ ಆ ಮುಖವೇ ಮೊರದಂತೆ ಸದ್ದನ್ನು ಕೂಡಿಸಿ ಕಿವಿಗಳತ್ತ ಹರಿಸುತ್ತದೆ. ಎಡಗಿವಿಯ ರಂಧ್ರ ತುಸು ಮೇಲಿದ್ದು ಕೆಳಮುಖವಾಗಿಯೂ, ಬಲಗಿವಿಯದು ತುಸು ಕೆಳಗಿದ್ದು ಮೇಲ್ಮುಖವಾಗಿಯೂ ಇರುವುದರಿಂದ, ನೆಲದಿಂದೆದ್ದ ಸದ್ದು ಎಡಗಿವಿಗೆ ಹೆಚ್ಚು ಜೋರಾಗಿ ಕೇಳಿಸಿ ಅದರ ಎತ್ತರ ತಿಳಿಯುತ್ತದೆ; ಎಡಬಲದ ದಿಕ್ಕಾದರೋ ಸದ್ದು ಎರಡು ಕಿವಿಗಳನ್ನು ಮುಟ್ಟುವ ಕಾಲದ ಅಂತರದಿಂದ, ಅದೂ ಮೈಕ್ರೊಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ಹತ್ತು ಲಕ್ಷದ ಭಾಗಗಳಲ್ಲಿ ಎಣಿಸಬೇಕಾದ ಅಂತರದಿಂದ, ಗೊತ್ತಾಗುತ್ತದೆ. ಸೊಟ್ಟಗಿರುವುದೇ ಇಲ್ಲಿ ಸೊಗಸು. ಅಮೆರಿಕದ ಜೀವವಿಜ್ಞಾನಿ ರೋಜರ್ ಪೇನ್ ಗಾಢ ಕತ್ತಲೆಯ ಕೋಣೆಯಲ್ಲಿ ಒಣ ಎಲೆಗಳ ಮೇಲೆ ಕಾಗದದ ಉಂಡೆಯೊಂದನ್ನು ಎಳೆಸಿದಾಗಲೂ ಗೂಬೆ ಅದರ ಮೇಲೆ ಎರಗಿತು. ವಾಸನೆಯೂ ಇಲ್ಲ, ಮೈಬಿಸಿಯೂ ಇಲ್ಲ, ಬರಿಯ ಸರಸರ ಸದ್ದು.

ಇಷ್ಟು ಸೂಕ್ಷ್ಮವಾಗಿ ಕೇಳುವ ಹಕ್ಕಿಗೆ ತನ್ನ ರೆಕ್ಕೆಯ ಸದ್ದೇ ಅಡ್ಡಿಯಾಗಬಾರದು. ಅದಕ್ಕೆಂದೇ ರೆಕ್ಕೆಯ ಮುಂಚೂಣಿಯ ಗರಿಗೆ ಬಾಚಣಿಗೆಯಂಥ ಹಲ್ಲುಗಳು, ಹಿಂಬದಿಯ ಅಂಚಿಗೆ ಸಡಿಲ ಕುಚ್ಚು, ಮೇಲೆಲ್ಲ ಮಖಮಲ್ಲಿನ ನವಿರು. ನೆಲ ಮುಟ್ಟುವ ಮುಂಚಿನ ಗಳಿಗೆಯಲ್ಲಿ ಅದು ತಲೆಯಿದ್ದ ದಾರಿಗೇ ಕಾಲುಗಳನ್ನು ಚಾಚಿ, ಹೊರಬೆರಳನ್ನು ಹಿಂದಕ್ಕೆ ತಿರುಗಿಸಿ, ಉಗುರುಗಳನ್ನು ಅಗಲವಾಗಿ ಹರಡುತ್ತದೆ.